ಬೆಲ್ಲದ ಹಕ್ಕಲಿನ ಬಾವಿ

ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ನಲ್ಲಿಗಳಲ್ಲಿ ನೀರಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. ಬೆಳಿಗ್ಗೆ ತಿರುಗಿಸಿದರೆ ಬುಸ್ ಅಂತ ಒಂದು ಸದ್ದು, ಆಮೇಲೆ ತುಕ್ಕಿನ ಬಣ್ಣದ ಎರಡು ಚೊಂಬು ನೀರು, ಅಷ್ಟೆ. ಬೋರಿನ ಮೋಟಾರು ಕೆಸರು ಎಳೆಯುತ್ತಿದೆ ಎಂದು ಪಂಚಾಯಿತಿಯ ನೀರುಗಂಟಿ ಅದನ್ನು ನಿಲ್ಲಿಸಿಬಿಟ್ಟ. ಸೀತೂರು ಕಡೆಯ ನಮ್ಮ ಕೇರಿಯಲ್ಲಿ ಇರುವುದು ಹನ್ನೊಂದು ಮನೆ, ಎಲ್ಲವೂ ಕೂಲಿಯವರದೇ. ಟ್ಯಾಂಕರ್ ತರಿಸೋಣವೆಂದರೆ ಹಿಂದಿನ ಮಳೆಗಾಲದಲ್ಲಿ ಕುಸಿದ ರಸ್ತೆಯ ಮೋರಿ ಹಾಗೇ ಬಿದ್ದಿತ್ತು. ಉಳಿದದ್ದು ಒಂದೂವರೆ ಮೈಲಿ ಆಚೆ, ಕಾಡಿನಂಚಿನ ಒಂದು ಒರತೆ. ಒಂದು ಕೊಡಪಾನ ತುಂಬಬೇಕಾದರೆ ಅಲ್ಲಿ ಕಾಲು ಗಂಟೆ ಕೂರಬೇಕು.

ಆ ವರ್ಷ ನೀರಿನ ಉಸಾಬರಿ ನನ್ನ ತಲೆಗೇ ಬಂದಿತ್ತು. ಊರಿಗೆ ಐದು ಹೆಂಗಸರಂತೆ ಪಂಚಾಯಿತಿಗೆ ಕರೆದು, ನೀರು ಪರೀಕ್ಷೆ ಮಾಡುವುದು ಹೇಗೆಂದು ಒಂದು ದಿನ ಹೇಳಿಕೊಟ್ಟಿದ್ದರು. ಉಳಿದ ನಾಲ್ವರು ಊಟ ಮಾಡಿಕೊಂಡು ಬಂದರು. ನಾನು ಊಟ ಮಾಡಿ, ಕಿಟ್ಟಿನ ನೀಲಿ ಪೆಟ್ಟಿಗೆಯನ್ನೂ ಹೊತ್ತುಕೊಂಡು ಬಂದೆ. ಅದರಲ್ಲಿ ಸಣ್ಣ ಸಣ್ಣ ಶೀಶೆಗಳು. ಗಾಜಿನ ನಳಿಗೆಗೆ ನೀರು ಹಾಕಿ, ಲೆಕ್ಕದ ಹನಿ ಬಿಟ್ಟು, ಬರುವ ಬಣ್ಣವನ್ನು ಒಂದು ಕಾಗದದ ಬಣ್ಣಗಳ ಪಕ್ಕ ಹಿಡಿದು ನೋಡಬೇಕು. ಕಬ್ಬಿಣ ಎಷ್ಟು, ಉಪ್ಪು ಎಷ್ಟು, ಫ್ಲೋರೈಡ್ ಎಷ್ಟು ಎಂದು ಗೊತ್ತಾಗುತ್ತದೆ. ಕೊನೆಯದು ರೋಗಾಣುವಿನ ಬಾಟ್ಲಿ. ನೀರು ತುಂಬಿಸಿ ಎರಡು ದಿನ ಬೆಚ್ಚಗೆ ಇಟ್ಟರೆ, ರೋಗಾಣು ಇದ್ದ ನೀರು ಕಪ್ಪಾಗುತ್ತದೆ. ನಮ್ಮ ಕಡೆ ತೆರೆದ ಬಾವಿಯ ನೀರು ಕಪ್ಪಾಗದೆ ಉಳಿದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಏಪ್ರಿಲ್ ಮೊದಲ ವಾರ ಪಕ್ಕದ ಮನೆಯ ಸೊಸೆ ಒರತೆಯ ದಾರಿಯಲ್ಲಿ ಜಾರಿ ಬಿದ್ದಳು. ಮೇಗುಂದ ಕಡೆಯ ಹುಡುಗಿ, ಚೊಚ್ಚಲ ಬಸುರಿ, ಐದು ತಿಂಗಳು. ನಾನು ಹಿಂದಿನಿಂದ ಬರುತ್ತಿದ್ದೆ. ಕೊಡಪಾನ ಇಳಿಜಾರಿನಲ್ಲಿ ಉರುಳಿ ಹೋಗುತ್ತಿತ್ತು, ಅವಳು ಹೊಟ್ಟೆ ಹಿಡಿದುಕೊಂಡು ದಾರಿಯ ನಡುವೆ ಕೂತಿದ್ದಳು. ಎನ್.ಆರ್. ಪುರದ ಆಸ್ಪತ್ರೆಯಲ್ಲಿ ನೋಡಿ, ಮಗುವಿಗೆ ಏನೂ ಆಗಿಲ್ಲ, ಇನ್ನು ಮೇಲೆ ಭಾರ ಹೊರಬೇಡ ಎಂದರು. ದೇವಿ ಶಾರದಮ್ಮ ಕಾಪಾಡಿದಳು ಅಂದುಕೊಂಡೆ. ಅವಳ ಗಂಡ ಕೊಪ್ಪದ ಆಚೆ ಎಸ್ಟೇಟಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುವವನು. ಅತ್ತೆಗೆ ಮಂಡಿನೋವು. ಅವರ ಮನೆಯ ನೀರನ್ನೂ ನಾನೇ ಹೊರತೊಡಗಿದೆ. ಐದನೇ ದಿನಕ್ಕೆ ನನ್ನ ಸೊಂಟ ಹಿಡಿಯಿತು.

ಆಗ ನೀರುಗಂಟಿ ಆ ಬಾವಿಯ ಮಾತು ತೆಗೆದ. "ಬೆಲ್ಲದ ಹಕ್ಕಲಲ್ಲಿ ಒಂದು ಬಾವಿ ಉಂಟಲ್ಲ ಮಾರಾಯ್ತಿ. ಮೇಲೆ ಕಬ್ಬಿಣದ ತಗಡು ಮುಚ್ಚಿ ಇಟ್ಟಿದಾರೆ. ಸಂದಿಯಿಂದ ಕಲ್ಲು ಹಾಕಿದ್ರೆ ನೀರಿನ ಸದ್ದು ಬರ್ತದೆ. ತೆಗೆದು ನೋಡಾಣ ಅಲ್ದಾ?"

ನಮ್ಮ ಕೇರಿಯ ಹಿಂದಿನ ಗುಡ್ಡ ಹತ್ತಿ ಆಚೆ ಇಳಿದರೆ ಕಾಡಿನ ನಡುವೆ ಬಯಲಾಗಿ ಬಿದ್ದ ಆ ಹಕ್ಕಲು ಸಿಗುತ್ತದೆ. ಅಲ್ಲಿ ಕಬ್ಬು ಯಾವ ಕಾಲಕ್ಕೂ ಬೆಳೆದಿಲ್ಲ, ಆಲೆಮನೆ ಇದ್ದದ್ದನ್ನು ಕಂಡವರಿಲ್ಲ. ಬೆಲ್ಲದ ಹಕ್ಕಲು ಎಂಬ ಹೆಸರು ಯಾಕೆ ಬಂತೆಂದು ಯಾರೂ ಕೇಳಿದ್ದೂ ಇಲ್ಲ. ಇಂಗ್ಲಿಷರ ಕಾಲದಲ್ಲಿ ಯಾವುದೋ ಸೀಮೆ ಕಂಪನಿಯವರು ಅಲ್ಲಿ ಮರ ಕೊಯ್ದು ರೈಲಿನ ಹಳಿಯ ಕೆಳಗೆ ಹಾಸುವ ದಿಮ್ಮಿ ಮಾಡುತ್ತಿದ್ದರು ಎನ್ನುವುದಷ್ಟೇ ಗೊತ್ತು. ಇಟ್ಟಿಗೆಯ ಒಂದು ಮುರಿದ ಚಿಮಣಿ, ಇಡೀ ಮರವೇ ಹಿಡಿಯುವಷ್ಟು ಉದ್ದದ ಎರಡು ಕಬ್ಬಿಣದ ತೊಟ್ಟಿ, ಒಂದರ ಮೇಲೊಂದು ಪೇರಿಸಿಟ್ಟ ಹತ್ತಿಪ್ಪತ್ತು ಕಪ್ಪು ದಿಮ್ಮಿ. ನಮ್ಮಲ್ಲಿ ಒಂದು ಮರದ ತುಂಡು ಮಳೆಗಾಲ ಕಳೆಯುವುದರೊಳಗೆ ವರಲೆಗೆ, ಅಂದರೆ ಗೆದ್ದಲಿಗೆ, ಆಹಾರ. ಆ ದಿಮ್ಮಿಗಳಿಗೆ ಇಷ್ಟು ಕಾಲವಾದರೂ ವರಲೆ ಬಾಯಿ ಹಾಕಿರಲಿಲ್ಲ. ಮೂಲೆಗಳು ನಿನ್ನೆ ಕೊಯ್ದ ಹಾಗೆ ಚೂಪಾಗಿದ್ದವು.

ಕೇರಿಯ ಹಿರಿಯಜ್ಜಿಯನ್ನು ಕೇಳದೆ ನಾವು ಯಾವ ಕೆಲಸಕ್ಕೂ ಕೈಹಾಕುವುದಿಲ್ಲ. ಅಜ್ಜಿ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಅದು ದೊರೆ ಬಾವಿ," ಅಂದರು. "ಬಿಳೀ ದೊರೆ ಅಲ್ಲೇ ಕಾದುಕೊಂಡು ನಿಂತಿರ್ತಾನೆ. ಅದರ ನೀರು ಕುಡಿದವರನ್ನ ಕರ್ಕೊಂಡು ಹೋಗ್ತಾನೆ. ಮುಟ್ಟಬ್ಯಾಡಿ."

"ಪೂಜೆ ಕೊಟ್ಟರೆ ಬಿಡ್ತಾನಾ ಅಜ್ಜಿ?" ಎಂದೆ.

ಅಜ್ಜಿ ನನ್ನ ಮುಖ ನೋಡಿದರು, ಎಲೆ ಬಾಯಿಗೆ ಹಾಕಿಕೊಂಡರು, ಮತ್ತೆ ಮಾತಾಡಲಿಲ್ಲ. ಮೌನವನ್ನು ನಾನು ಒಪ್ಪಿಗೆ ಅಂದುಕೊಂಡೆ. ನಮ್ಮಲ್ಲಿ ಜಾಗದ ಮೇಲೆ ಏನಾದರೂ ಇದೆ ಎಂದಾದರೆ ಅದನ್ನು ಬಿಟ್ಟು ಓಡುವುದಿಲ್ಲ, ಎಡೆಯಿಟ್ಟು ಒಪ್ಪಿಸುತ್ತೇವೆ. ಚೌಡಿಗೆ ಕೋಳಿ, ನಾಗನಿಗೆ ಹಾಲು. ಹಾಗೇ ದೊರೆಗೂ ಕೊಟ್ಟರಾಯಿತು ಎಂಬುದು ನನ್ನ ಲೆಕ್ಕ.

ಶುಕ್ರವಾರ ಬೆಳಿಗ್ಗೆ ಬಾವಿಯ ಪಕ್ಕ ಸೆಗಣಿಯಲ್ಲಿ ಸಾರಿಸಿ, ಬಾಳೆಲೆ ಹಾಸಿ, ಕಾಯಿ ಒಡೆದು, ಬೆಲ್ಲ ಇಟ್ಟೆ. ಬಾವಿ ಇಳಿಯಲು ಎನ್.ಆರ್. ಪುರದಿಂದ ಕರೆಸಿದ್ದ ಕೆಲಸದವನು, "ದೊರೆಗೆ ಒಂದು ಕಟ್ಟು ಬೀಡಿ ಇಡಿ ಅಕ್ಕ, ನಾವು ಎಲ್ಲಾ ಕಡೆ ಇಡ್ತೀವಿ," ಎಂದ.

"ದೊರೆ ಬೀಡಿ ಸೇದ್ತಾನಾ?" ಎಂದ ನೀರುಗಂಟಿ. "ಅವನ ಅಂತಸ್ತು ನೋಡಬೇಕಲ್ಲ ಮಾರಾಯ. ಸಿಗರೇಟು ಇಡು." ತನ್ನ ಜೇಬಿನಿಂದಲೇ ಒಂದು ತೆಗೆದು ಎಲೆಯ ಮೇಲಿಟ್ಟ. ಎಲ್ಲರೂ ನಕ್ಕರು. ನಾನೂ ನಕ್ಕೆ.

ತಗಡು ಎತ್ತಲು ಆರು ಜನ ಬೇಕಾಯಿತು. ಒಳಗಿನಿಂದ ಹಳಸಲು ವಾಸನೆ ಬರಬಹುದೆಂದು ಸೆರಗು ಮೂಗಿಗೆ ಹಿಡಿದಿದ್ದೆ. ಯಾವ ವಾಸನೆಯೂ ಬರಲಿಲ್ಲ. ಕೆಲಸದವನು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟ. ಒಳಗೆ ಕೆಟ್ಟ ಗಾಳಿ ಇದ್ದರೆ ದೀಪ ಆರಬೇಕು. ಅದು ನೀರಿನ ಮಟ್ಟದವರೆಗೂ ಅಲುಗದೆ ಉರಿಯಿತು. ಆ ಬೆಳಕಿನಲ್ಲಿ ನಾನು ಬಗ್ಗಿ ನೋಡಿದೆ. ಜಂಬಿಟ್ಟಿಗೆ ಕಲ್ಲಿನ ಗೋಡೆ ಮೇಲಿನಿಂದ ಕೆಳಗಿನವರೆಗೆ ಬರಿದಾಗಿತ್ತು. ಒಂದು ಜರಿಗಿಡ ಇಲ್ಲ, ಒಂದು ಎಳೆ ಪಾಚಿ ಇಲ್ಲ. ನಮ್ಮ ಕಡೆ ಬಾವಿಯೆಂದರೆ ಗೋಡೆಯೇ ಕಾಣದ ಹಾಗೆ ಹಸಿರು ತುಂಬಿರುತ್ತದೆ.

"ಎಂತ ಕ್ಲೀನು ಅಕ್ಕ ಇದು," ಎಂದು ಕೆಲಸದವನು ಒಳಗಿನಿಂದ ಕೂಗಿದ. ಅವನ ದನಿ ಯಾರೋ ಎರಡನೆಯವನು ಪಕ್ಕದಲ್ಲಿ ನಿಂತು ಹೇಳಿದ ಹಾಗೆ ಮೇಲೆ ಬಂತು. "ಮೂವತ್ತು ವರ್ಷ ಆಯ್ತು ಬಾವಿ ಇಳಿಯೋಕೆ ಹಿಡಿದು. ಕಪ್ಪೆ ಇಲ್ಲ, ಏಡಿ ಇಲ್ಲ, ಜೇಡನ ಬಲೆ ಇಲ್ಲ. ಯಾರೋ ದಿನಾ ಗುಡಿಸಿ ಇಟ್ಟ ಹಾಗೆ ಇದೆ."

ಮರುದಿನ ಬೆಳಿಗ್ಗೆ ನಾನೇ ಮೊದಲು ಹೋದೆ. ಎಡೆಯಿಟ್ಟ ಬಾಳೆಲೆ ಹಾಗೇ ಇತ್ತು. ಬೆಲ್ಲದ ಉಂಡೆಯ ಮೇಲೆ ಒಂದು ಇರುವೆ ಇಲ್ಲ. ನನ್ನ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯೊಳಗೆ ಇಟ್ಟರೂ ಇರುವೆ ದಾರಿ ಹುಡುಕುತ್ತದೆ. ಇಲ್ಲಿ ರಾತ್ರಿಯಿಡೀ ಕಾಡಿನ ನೆಲದಲ್ಲಿ ಬಿದ್ದಿದ್ದ ಬೆಲ್ಲವನ್ನು ಯಾವ ಜೀವವೂ ಮುಟ್ಟಿರಲಿಲ್ಲ. ಕೈ ಮುಗಿದೆ. ಎಂಜಲಾಗದ ಎಡೆ, ದೇವರು ಒಪ್ಪಿದ್ದಾನೆ ಎಂದುಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ಹಾಗೆಯೇ.

ಹೂಳು ತೆಗೆಯಲು ಎರಡು ದಿನ ಹಿಡಿಯಿತು. ಬಾಡಿಗೆ ಮೋಟಾರಿನಲ್ಲಿ ನೀರು ಖಾಲಿ ಮಾಡಿ, ಗಡಗಡೆಗೆ ಹಗ್ಗ ಹಾಕಿ ಬಕೆಟ್ ಬಕೆಟ್ಟಾಗಿ ಎಳೆದೆವು. ಬಾವಿಯ ಹೂಳು ಕಪ್ಪಗೆ, ಕೊಳೆತ ಎಲೆಯ ನಾತ ಹೊಡೆಯಬೇಕು. ಇದು ಬೂದಿ ಬಣ್ಣದ್ದು, ಹಿಟ್ಟಿನಷ್ಟು ನುಣುಪು. ಅದನ್ನು ಕೆಳಗಿನ ಹುಲ್ಲಿನ ಮೇಲೆ ಸುರಿದೆವು. ಸಂಜೆ ಕೆಲಸದವನು ಕೈ ಉರಿ, ಕಾಲು ಉರಿ ಎಂದ. ಹೊಸ ಹಗ್ಗದ ಉರಿ ಎಂದು ಕೊಬ್ಬರಿ ಎಣ್ಣೆ ಕೊಟ್ಟೆ. ಒಂದೇ ರಾತ್ರಿಯಲ್ಲಿ ಎಂಟು ಅಡಿ ನೀರು ಬಂದು ನಿಂತಿತು. ಬ್ಲೀಚಿಂಗ್ ಪುಡಿ ಕಲಸಿ ಹಾಕಿದೆವು. ಪುಡಿಯ ಅಂಶ ಇದ್ದರೆ ರೋಗಾಣುವಿನ ಪರೀಕ್ಷೆ ಸುಳ್ಳು ಹೇಳುತ್ತದೆ ಎಂದು ಕಲಿಸಿದ್ದರಲ್ಲ, ಹಾಗಾಗಿ ಕ್ಲೋರಿನ್ ಹನಿಯ ಬಣ್ಣ ಪೂರ್ತಿ ಹೋಗುವವರೆಗೆ ಮೂರು ದಿನ ಕಾದೆ. ನಾನು ಕೆಲಸದಲ್ಲಿ ಕಳ್ಳತನ ಮಾಡಲಿಲ್ಲ. ಕಬ್ಬಿಣ, ಉಪ್ಪು, ಗಡಸುತನ, ಫ್ಲೋರೈಡ್, ಒಂದೊಂದನ್ನೂ ಎರಡು ಸಲ ನೋಡಿದೆ. ಎಲ್ಲವೂ ಸರಿಯಾದ ಬಣ್ಣದೊಳಗೇ ಬಂತು.

ರೋಗಾಣುವಿನ ಬಾಟ್ಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಲೆಯ ಹಿಂದೆ ಇಟ್ಟೆ. ಎರಡನೇ ದಿನ ತೆಗೆದರೆ ಕಪ್ಪಾಗಿರಲಿಲ್ಲ. ಮೂರನೇ ದಿನವೂ ಇಲ್ಲ. ತಳದಲ್ಲಿ ಮಾತ್ರ ಅರಿಶಿನ ಕದಡಿದಂಥ ಒಂದು ತೆಳು ಹಳದಿ. ಅಕ್ಕಪಕ್ಕದ ಹೆಂಗಸರನ್ನು ಕರೆದು ತೋರಿಸಿದೆ. "ನೋಡಿ, ದೇವಿಯೇ ಅರಿಶಿನ ಹಾಕಿದ ಹಾಗೆ," ಎಂದೆ. ನನ್ನದೇ ಬಾಯಿ, ಆ ಮಾತು ಬೇರೆ ಯಾರೂ ಹೇಳಿಕೊಟ್ಟದ್ದಲ್ಲ.

ನೀರು ಬಿಡುವ ದಿನ ನೀರುಗಂಟಿ ಹಿನ್ನೀರಿನಿಂದ ಒಂದು ಕೊಡಪಾನದ ತುಂಬ ಮೀನಿನ ಮರಿ ತಂದ. ಬಾವಿ ತೆಗೆದ ಮೇಲೆ ನಾಲ್ಕು ಮೀನು ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಹುಳಹುಪ್ಪಟೆ ತಿಂದುಕೊಂಡು ನೀರನ್ನು ಚೊಕ್ಕಟವಾಗಿ ಇಡುತ್ತವೆ.

"ಬೇಡ," ಎಂದೆ. "ಇದು ಮಡಿ ನೀರು. ದಿನಾ ದೇವರ ತಲೆಗೆ ಇದನ್ನೇ ಹಾಕೋದು. ಮೀನಿನ ಹೇಲು ಯಾಕೆ ಅದರಲ್ಲಿ?"

"ಎಲ್ಲಾ ಬಾವೀಲೂ ಬಿಡ್ತೇವಲ್ಲ."

"ಎಲ್ಲಾ ಬಾವೀಲೂ ಬಾಟ್ಲಿ ಕಪ್ಪಾಗ್ತದೆ. ಇದು ಹಾಗಲ್ಲ."

"ಆಯ್ತು ಮಾರಾಯ್ತಿ, ದೇವರು ನಿನ್ನ ಕಡೆ ಇದಾನೆ, ನನ್ನ ಕಡೆ ಸಾರಾದ್ರೂ ಇರಲಿ," ಎಂದು ಮೀನನ್ನು ಮನೆಗೆ ಒಯ್ದ. ಆ ನಾಲ್ಕು ಮೀನನ್ನು ಅವತ್ತು ಬಿಟ್ಟಿದ್ದರೆ ಸಂಜೆಯೊಳಗೆ ನಮಗೆ ತಿಳಿಯುತ್ತಿತ್ತು.

ಒಂಬತ್ತು ದಿನ ಆ ನೀರು ಕುಡಿದೆವು. ಪಂಚಾಯಿತಿಯವರು ಗುಡ್ಡದ ಮೇಲೆ ಪೈಪು ಎಳೆದು ಕೇರಿಯ ನಡುವಿನ ತೊಟ್ಟಿಗೆ ತುಂಬಿಸಿಕೊಟ್ಟಿದ್ದರು. ಪಕ್ಕದ ಮನೆಯ ಸೊಸೆ ಹೊಸ್ತಿಲು ದಾಟಿ ಹತ್ತು ಹೆಜ್ಜೆ ಬಂದರೆ ನೀರು. ಅವಳು ನಗುತ್ತಾ ಚೊಂಬು ತುಂಬಿಕೊಳ್ಳುವುದನ್ನು ನೋಡಿ ನನ್ನ ಸೊಂಟದ ನೋವು ಮರೆತೇಹೋಗಿತ್ತು. ಕುಡಿಯಲು ರುಚಿಯಿತ್ತು. ತಣ್ಣಗೆ, ಎಲ್ಲೋ ಕೊನೆಗೆ ಒಂದಿಷ್ಟು ಸಿಹಿ. ಹಿರಿಯಜ್ಜಿಯೊಬ್ಬರು ಮಾತ್ರ ಮೊಮ್ಮಗನಿಂದ ಒರತೆಯ ನೀರನ್ನೇ ತರಿಸಿಕೊಳ್ಳುತ್ತಿದ್ದರು. ಅಜ್ಜಿಗೆ ಅರುಳು ಮರುಳು ಎಂದು ನಾವು ಮಾತಾಡಿಕೊಂಡೆವು.

ನಾಲ್ಕನೇ ದಿನ ನಮ್ಮನೆಯವರು ಹೊಟ್ಟೆ ಹಿಂಡುತ್ತದೆ ಎಂದರು. ಮಾವಿನಕಾಯಿ ತಿಂದದ್ದು ಹೆಚ್ಚಾಯಿತು ಎಂದೆ. ಐದನೇ ದಿನ ಮೂರು ಮನೆಯಲ್ಲಿ ವಾಂತಿ. ಹಲಸಿನ ಹಣ್ಣು ಎಂದರು. ನಿಂತುಹೋಗಿದ್ದ ವಾಕರಿಕೆ ಪಕ್ಕದ ಮನೆಯ ಸೊಸೆಗೆ ಮತ್ತೆ ಶುರುವಾಯಿತು. "ಗಂಡು ಇರಬೇಕು, ಕಾಟ ಕೊಡ್ತಾ ಉಂಟು," ಎಂದಳು ಅವಳ ಅತ್ತೆ. ನನ್ನ ತುಳಸಿ ಏಳನೇ ದಿನಕ್ಕೆ ತಲೆ ಬಗ್ಗಿಸಿತು. ಬಿಸಿಲು ಹೆಚ್ಚೆಂದು ಅದಕ್ಕೆ ಇನ್ನೂ ಎರಡು ಚೊಂಬು ನೀರು ಹಾಕಿದೆ.

ಎಂಟನೇ ದಿನ ಮಧ್ಯಾಹ್ನ ಮೋಟಾರು ನಿಲ್ಲಿಸಲು ನಾನೊಬ್ಬಳೇ ಹಕ್ಕಲಿಗೆ ಹೋಗಿದ್ದೆ. ಸುಡು ಬಿಸಿಲು. ಸ್ವಿಚ್ಚು ಇಳಿಸಿದ ಮೇಲೆ ಒಂದು ಗಳಿಗೆ ದಿಮ್ಮಿಯ ಮೇಲೆ ಕೂತೆ. ಮೋಟಾರಿನ ಸದ್ದು ನಿಂತ ಮೇಲೆ ಕಾಡಿನ ಸದ್ದು ಕೇಳಬೇಕಿತ್ತಲ್ಲ. ಕೇಳಲಿಲ್ಲ. ಆಚೆ ಗುಡ್ಡದಲ್ಲಿ ಜೀರುಂಡೆ ಕೂಗುತ್ತಿತ್ತು, ಕುಟುರ ಹಕ್ಕಿ ಕೂಗುತ್ತಿತ್ತು, ಅದೆಲ್ಲ ಹಕ್ಕಲಿನ ಅಂಚಿಗೆ ಬಂದು ನಿಂತುಬಿಟ್ಟಿತ್ತು. ಪೈಪು ಸೋರಿ ಬಾವಿಯ ಪಕ್ಕ ಮಣ್ಣು ಒದ್ದೆಯಾಗಿತ್ತು. ಏಪ್ರಿಲ್‌ನಲ್ಲಿ ನಮ್ಮ ಬಚ್ಚಲ ಹಿಂದೆ ಅಂಗೈಯಗಲ ಒದ್ದೆ ಮಣ್ಣಿದ್ದರೂ ಸಾಕು, ಕಣಜ, ಜೇನ್ನೊಣ, ಹಳದಿ ಪಾತರಗಿತ್ತಿ ಹಿಂಡುಹಿಂಡಾಗಿ ಕೂತಿರುತ್ತವೆ. ಇಲ್ಲಿ ಒಂದು ನೊಣವಿರಲಿಲ್ಲ. ನಾವು ಹೂಳು ಸುರಿದ ಕಡೆ ಹುಲ್ಲು ಬೇರಿನ ತನಕ ಬಿಳುಚಿಕೊಂಡು ಮಲಗಿತ್ತು.

ನನಗೆ ಯಾರೋ ಬೆನ್ನ ಹಿಂದೆ ನಿಂತ ಹಾಗಾಯಿತು. ತಿರುಗಿ ನೋಡಿದರೆ ಚಿಮಣಿ. ದೇವರ ನಾಮ ಹೇಳಿಕೊಳ್ಳೋಣವೆಂದು ಬಾಯಿ ತೆರೆದೆ, ಒಣಗಿದ ಬಾಯಲ್ಲಿ ಲೋಹದ ರುಚಿ ಇತ್ತು. ಇರುವೆ ಮುಟ್ಟದ ಬೆಲ್ಲ ನೆನಪಾಯಿತು. ಕಪ್ಪೆಯಿಲ್ಲದ ಬಾವಿ, ವರಲೆ ತಿನ್ನದ ಮರ, ಕಪ್ಪಾಗದ ಬಾಟ್ಲಿ. ಇವೆಲ್ಲವೂ ಒಂದೇ ಮಾತನ್ನು ಹೇಳುತ್ತಿದ್ದವು. ನಾನು ಅದನ್ನು ಮಡಿ ಎಂದು ಓದಿಕೊಂಡಿದ್ದೆ.

ಕಿಟ್ಟಿನಲ್ಲಿ ಎರಡೇ ಬಾಟ್ಲಿ ಉಳಿದಿದ್ದವು. ಮುಂದಿನ ತಿಂಗಳ ಪರೀಕ್ಷೆಗೆ ಇಟ್ಟದ್ದು. ಮನೆಗೆ ಬಂದು ಒಂದಕ್ಕೆ ಅಜ್ಜಿಯ ಮನೆಯ ಒರತೆ ನೀರು ತುಂಬಿದೆ, ಇನ್ನೊಂದಕ್ಕೆ ಬಾವಿಯ ನೀರು. ಆಮೇಲೆ ಯಾರೂ ಹೇಳಿಕೊಡದ ಒಂದು ಕೆಲಸ ಮಾಡಿದೆ. ಕೊಟ್ಟಿಗೆಯ ಗಂಜಳದ ಕಾಲುವೆಯಿಂದ ಒಂದು ಕಡ್ಡಿಯಲ್ಲಿ ಕೊಳಕು ಅದ್ದಿ ತೆಗೆದು ಎರಡಕ್ಕೂ ಒಂದೊಂದು ಹನಿ ಬಿಟ್ಟೆ. ಅಷ್ಟು ಕೊಳೆಗೆ ಎಂಥ ನೀರೂ ಕಪ್ಪಾಗಲೇಬೇಕು. ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿ ಒಲೆಯ ಹಿಂದೆ ಇಟ್ಟೆ. ಅವತ್ತು ನಮ್ಮ ಮನೆಯಲ್ಲಿ ಅಜ್ಜಿಯ ಹತ್ತಿರ ಬೇಡಿ ತಂದ ನೀರಿನಲ್ಲೇ ಅಡುಗೆ. ಪಕ್ಕದ ಮನೆಗೆ ಇನ್ನೂ ಹೇಳಿರಲಿಲ್ಲ. ತಪ್ಪಿದ್ದರೆ ಎಂಬ ಅಂಜಿಕೆ. ಆ ಒಂದು ದಿನದ ಅಂಜಿಕೆಗೆ ನನಗೆ ಈಗಲೂ ಕ್ಷಮೆಯಿಲ್ಲ.

ಮರುದಿನ ಸಂಜೆಗೆ ಒರತೆಯ ನೀರು ಶಾಯಿಯಷ್ಟು ಕಪ್ಪು. ಬಾವಿಯ ನೀರಿನ ಬಾಟ್ಲಿ ಹಾಗೇ ಇತ್ತು. ತಳದಲ್ಲಿ ಅದೇ ಅರಿಶಿನ.

ನೀರುಗಂಟಿಗೆ ಫೋನು ಮಾಡಿದೆ. ಅವನು ಬಂದು ಎರಡೂ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಕಪ್ಪಾದದ್ದು ಕೆಟ್ಟದ್ದು ಅಂತ ನೀನೇ ಅಲ್ದಾ ಹೇಳಿದ್ದು? ಈಗ ಕಪ್ಪಾಗದ್ದು ಕೆಟ್ಟದ್ದು ಅಂತೀಯ."

"ಗಂಜಳ ಹಾಕಿದೇನೆ ಅಣ್ಣ. ಗಂಜಳದ ಹುಳವನ್ನೇ ಕೊಂದಿದೆ ಅದು."

ಅವನು ಎರಡೂ ಬಾಟ್ಲಿಯನ್ನು ಕೆಳಗಿಟ್ಟ. "ನಾಳೆ ಚಿಕ್ಕಮಗಳೂರಿನ ಲ್ಯಾಬಿಗೆ ಕಳಿಸುವ. ರಿಪೋರ್ಟು ಬರಲಿ. ಅಲ್ಲಿವರೆಗೆ ಸುಮ್ಮನಿರು. ನೀರು ನಿಲ್ಲಿಸಿದ್ರೆ ಇವರೆಲ್ಲ ಎಲ್ಲಿಗೆ ಹೋಗ್ತಾರೆ? ಆ ಬಸುರಿ ಮತ್ತೆ ಗುಡ್ಡ ಹತ್ತಬೇಕಾ?"

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಒಂದು ಬಾಟ್ಲಿ, ಅದೂ ನಿಯಮ ಮೀರಿ ಹಾಳು ಮಾಡಿದ್ದು. ದೇವರ ಮುಂದೆ ಒಂದು ನಿಮಿಷ ನಿಂತೆ. ಅಲ್ಲೂ ಪಂಚಪಾತ್ರೆಯಲ್ಲಿ ಅದೇ ನೀರು. ಅದನ್ನು ಎತ್ತಿಕೊಂಡು ಹೋಗಿ ಅಂಗಳದ ಕಲ್ಲಿನ ಮೇಲೆ ಚೆಲ್ಲಿದೆ. ತೀರ್ಥ ಚೆಲ್ಲಿದ ಮೇಲೆ ಉಳಿದದ್ದು ಕಷ್ಟವಾಗಲಿಲ್ಲ.

ಮೊದಲು ಪಕ್ಕದ ಮನೆಗೇ ಹೋದೆ. ಅವಳ ಅತ್ತೆ ಅನ್ನಕ್ಕೆ ಇಟ್ಟಿದ್ದಳು. "ಆ ನೀರು ಚೆಲ್ಲಿ. ಬೇಯುತ್ತಾ ಇರೋದೂ ಚೆಲ್ಲಿ. ನಾನು ತಪ್ಪು ಹೇಳಿದ್ದೆ," ಎಂದೆ.

"ನಿನ್ನೆ ತೀರ್ಥ, ಇವತ್ತು ವಿಷವಾ?" ಎಂದಳು ಅವಳು. "ನಾಳೆ ಏನು ಮಾಡ್ತೀಯೆ ಮಾರಾಯ್ತಿ, ಅದೂ ಹೇಳಿಬಿಡು."

"ನಾಳೆ ನಿಮ್ಮ ಮನೆಗೆ ಒರತೆ ನೀರು ನಾನೇ ಹೊತ್ತು ಹಾಕ್ತೀನಿ."

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚೊಂಬಿತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟಳು. "ವಾಕರಿಕೆ ಬಂದಾಗೆಲ್ಲ ಇದನ್ನೇ ಕುಡೀತಿದ್ದೆ ಅಕ್ಕ," ಎಂದಳು. "ಎಷ್ಟು ಅಂತ ಗೊತ್ತಿಲ್ಲ."

ಹನ್ನೊಂದು ಮನೆಯ ಹಂಡೆ, ಕೊಡಪಾನ ಎಲ್ಲವನ್ನೂ ಕತ್ತಲಾಗುವುದರೊಳಗೆ ಖಾಲಿ ಮಾಡಿಸಿದೆ. ಇಬ್ಬರು ಬೈದರು, ಒಬ್ಬಾಕೆ ಬಾಗಿಲು ಹಾಕಿಕೊಂಡಳು. ಹೊರಗೆ ನಿಂತು ಅವಳು ತೆಗೆಯುವ ತನಕ ಕರೆದೆ. ಕೊನೆಗೆ ಅಜ್ಜಿಯ ಜಗಲಿಗೆ ಬಂದು ಕುಸಿದೆ.

ಆಗ ಅಜ್ಜಿ ಹೇಳಿದರು. "ನಮ್ಮಜ್ಜಿಗೆ ಅಲ್ಲಿ ಬೆಲ್ಲ ಹೊರೋ ಕೆಲಸ. ಗಾಡಿಗಟ್ಟಲೆ ಬೆಲ್ಲ ಬರ್ತಿತ್ತಂತೆ. ಆ ತೊಟ್ಟಿಯಲ್ಲಿ ಪಾಕ ಮಾಡಿ, ಪೀಪಾಯಿಯಿಂದ ಒಂದು ಬಿಳೀ ಪುಡಿ ಹಾಕಿ, ಅದರೊಳಗೆ ಮರ ಬೇಯಿಸ್ತಿದ್ದರು. ಆಮೇಲೆ ಹಡಗು ಹತ್ತಿಸಿ ಎಲ್ಲೋ ಯುದ್ಧದ ಊರಿಗೆ, ರೈಲು ಹಾಕೋಕೆ. ಆ ಊರಲ್ಲಿ ಮರವೇ ಇಲ್ವಂತೆ, ಬರೀ ಮರಳಂತೆ. ಪಾಕ ನೆಕ್ಕಬಾರದು ಅಂತ ಕೂಲಿಯವರ ಮಕ್ಕಳಿಗೆ ಹೊಡೀತಿದ್ದರು. ಬೆಲ್ಲ ಅಂದ್ರೆ ಮಕ್ಕಳು ಬಿಡ್ತವಾ?"

"ಎಷ್ಟು ಮಕ್ಕಳು ಅಜ್ಜಿ?"

"ನಮ್ಮಲ್ಲಿ ಸತ್ತವರನ್ನ ಯಾರು ಎಣಿಸ್ತಿದ್ರು? ದೊರೆ ಹೋದ ಮೇಲೆ ನಮ್ಮಜ್ಜಿಯವರೇ ತಗಡು ಎಳೆದು ಮುಚ್ಚಿದ್ದು. ದೊರೆ ನಿಂತಿದಾನೆ ಅಂತ ಹೇಳಿದ್ದೂ ಅವರೇ. ಪುಡಿ ಅಂದ್ರೆ ಮಕ್ಕಳು ಹೆದರಲ್ಲ, ದೊರೆ ಅಂದ್ರೆ ಹೆದರ್ತವೆ."

"ಇದನ್ನ ಅವತ್ತೇ ಹೇಳಬಾರದಿತ್ತಾ?"

"ಹೇಳಿದ್ನಲ್ಲ, ಮುಟ್ಟಬ್ಯಾಡಿ ಅಂತ," ಎಂದರು ಅಜ್ಜಿ. "ನೀನು ಪೂಜೆ ಮಾಡಿಸ್ದೆ."

ಆರು ದಿನಕ್ಕೆ ರಿಪೋರ್ಟು ಬಂ‌ತು. ಲ್ಯಾಬಿನ ಮೇಡಂ ನನಗೇ ಫೋನು ಮಾಡಿದರು. ಆರ್ಸೆನಿಕ್, ಅಂದರೆ ಪಾಷಾಣ, ಅದೂ ಇರಬಾರದಷ್ಟು. ಬಾಟ್ಲಿಯ ತಳದ ಆ ಅರಿಶಿನವೂ ಅದರದ್ದೇ ಅಂತೆ. ನಮ್ಮ ಕಿಟ್ಟಿನಲ್ಲಿ ಅದಕ್ಕೆ ಶೀಶೆಯೇ ಇಲ್ಲವಂತೆ, ನಮ್ಮ ಸೀಮೆಯ ನೆಲದಲ್ಲಿ ಅದು ತಾನಾಗಿ ಸಿಗುವುದಿಲ್ಲವಲ್ಲ. ಅಜ್ಜಿಯ ಮಾತು ಹೇಳಿದೆ. ಅದಕ್ಕೆ ಅವರು, "ಪಾಕ ಮರದೊಳಗೆ ಇಳಿಯುವಾಗ ಪಾಷಾಣವನ್ನೂ ಕರೆದುಕೊಂಡು ಹೋಗುತ್ತದೆ. ಹಾಗೆ ಮಾಡುತ್ತಿದ್ದರು ಅಂತ ಓದಿದ್ದೆ," ಎಂದರು. ಬಾವಿಗೆ ಮತ್ತೆ ತಗಡು ಬಿತ್ತು, ಸುತ್ತ ತಂತಿ ಬೇಲಿ ಬಿತ್ತು. ಸುದ್ದಿ ದೊಡ್ಡದಾದದ್ದರಿಂದ ಮೋರಿಯ ಮೇಲೆ ಮಣ್ಣು ಬಿದ್ದು ಟ್ಯಾಂಕರೂ ಬಂತು. ಯಾರೂ ಸಾಯಲಿಲ್ಲ. ಕೆಲಸದವನ ಕೈಯ ಚರ್ಮ ಸುಲಿದು ಮತ್ತೆ ಬಂತು. ಕೊಪ್ಪದ ಡಾಕ್ಟರು ಎಲ್ಲರ ರಕ್ತ, ಮೂತ್ರ ತೆಗೆದುಕೊಂಡರು. ಪಕ್ಕದ ಮನೆಯ ಸೊಸೆ ಮಗುವಿನ ವಿಷಯ ಕೇಳಿದಾಗ ಮಾತ್ರ, "ಹುಟ್ಟಲಿ, ನೋಡೋಣ," ಎಂದರು.

ಮರಳಿನ ಆ ಊರು ಯಾವುದೆಂದು ನನಗೆ ಗೊತ್ತಿಲ್ಲ. ಅಲ್ಲಿ ನಮ್ಮ ಗುಡ್ಡದ ಮರ ಇವತ್ತಿಗೂ ವರಲೆ ಹಿಡಿಯದೆ ಹಳಿಯ ಕೆಳಗೆ ಮಲಗಿರಬಹುದು. ನೀರು ಹೊತ್ತು ಬರುವಾಗ ಒಮ್ಮೊಮ್ಮೆ ಅದನ್ನು ಯೋಚಿಸುತ್ತೇನೆ. ಮರ ಅಲ್ಲಿಗೆ ಹೋಯಿತು, ಬೇಯಿಸಿದ ಪಾಕ ಇಲ್ಲಿ ನೆಲಕ್ಕಿಳಿದು ಬಾವಿಯಲ್ಲಿ ಉಳಿಯಿತು.

ಜೂನ್ ಮಳೆ ಹಿಡಿದ ಮೇಲೆ ಒಂದು ದಿನ ಅಕ್ಕಿ ಆರಿಸುತ್ತಿದ್ದಾಗ ನನ್ನ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಒಂದು ಬಿಳಿ ಗೆರೆ ಕಂಡೆ. ಅಡ್ಡಕ್ಕೆ, ನೂಲಿನಷ್ಟು ತೆಳು. ಹತ್ತು ಉಗುರಿನಲ್ಲೂ ಇತ್ತು. ನಮ್ಮನೆಯವರ ಕೈ ಹಿಡಿದು ನೋಡಿದೆ, ಇತ್ತು. ಟ್ಯಾಂಕರಿನ ಹತ್ತಿರ ಕೊಡಪಾನ ಹಿಡಿದು ನಿಂತವರ ಬೆರಳೆಲ್ಲ ನೋಡಿದೆ. ಹೆಂಗಸರು, ಗಂಡಸರು, ಶಾಲೆಯ ಮಕ್ಕಳು, ಎಲ್ಲರ ಉಗುರಿನಲ್ಲೂ ಒಂದೇ ಮಟ್ಟದಲ್ಲಿ ಅದೇ ಗೆರೆ, ಒಂದೇ ಕೈ ಎಳೆದ ಹಾಗೆ. ಆ ಒಂಬತ್ತು ದಿನ ಮೈಯೊಳಗೆ ಹೋದದ್ದು ಹೀಗೆ ಹೊರಗೆ ಬರುತ್ತದಂತೆ, ಉಗುರು ಬೆಳೆದ ಹಾಗೆ ಮೇಲಕ್ಕೆ ಸರಿದು ಹೋಗುತ್ತದಂತೆ. ಡಾಕ್ಟರಿಗೆ ಅದು ಬರೀ ಗುರುತು. ನನಗೆ ಅದು ಯಾರು ಯಾರು ನನ್ನ ಮಾತು ನಂಬಿದ್ದರು ಎಂಬುದರ ಪಟ್ಟಿ. ಅಜ್ಜಿಯ ಉಗುರಿನಲ್ಲಿ ಮಾತ್ರ ಏನೂ ಇರಲಿಲ್ಲ.

ಶ್ರಾವಣದಲ್ಲಿ ಪಕ್ಕದ ಮನೆಯ ಸೊಸೆಗೆ ಹೆಣ್ಣು ಮಗು ಹುಟ್ಟಿತು. ತೂಕ ತುಸು ಕಡಿಮೆ, ಆದರೆ ಹುಟ್ಟಿದ ಕೂಡಲೇ ಅತ್ತಿತು. ಮರುದಿನ ಆಸ್ಪತ್ರೆಗೆ ಗಂಜಿ ತೆಗೆದುಕೊಂಡು ಹೋದೆ. ಅವಳ ಉಗುರಿನ ಗೆರೆ ಆಗ ನಡುವನ್ನು ದಾಟಿತ್ತು. ಕತ್ತರಿಸಿದರೆ ಹೋಗುವಷ್ಟು ಇನ್ನೂ ಮೇಲೆ ಬಂದಿರಲಿಲ್ಲ. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದರು. ಕೈಗಳು ಒಳಗಿದ್ದವು.

"ನಾನಿನ್ನೂ ಬಿಚ್ಚಿ ನೋಡಿಲ್ಲ ಅಕ್ಕ," ಎಂದಳು. "ಧೈರ್ಯ ಸಾಲದು. ನೀವೇ ನೋಡಿ."

ಮಗುವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದೆ. ಮುಷ್ಟಿ ಗಟ್ಟಿಯಾಗಿ ಮುಚ್ಚಿತ್ತು. ಒಂದೊಂದೇ ಬೆರಳು ಬಿಡಿಸಬೇಕಾಯಿತು. ಅಕ್ಕಿಯ ನುಚ್ಚಿನಷ್ಟು ಉಗುರು. ಒಂದು ಕೈ, ಇನ್ನೊಂದು ಕೈ. ಆಮೇಲೆ ಕಾಲು. ಇಪ್ಪತ್ತೂ ಒಂದೇ ಬಣ್ಣ, ಎಳೆ ಗುಲಾಬಿ. ಬೆಳಕಿಗೆ ಓರೆಯಾಗಿ ಹಿಡಿದು ಮತ್ತೊಮ್ಮೆ ನೋಡಿದೆ.

"ಏನೂ ಇಲ್ಲ," ಎಂದೆ. "ಗೆರೆ ಇಲ್ಲ. ಎಲ್ಲಾ ಸರಿ ಉಂಟು."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ಮಗುವನ್ನು ತೆಗೆದುಕೊಂಡು, ತೊಡೆಯ ಮೇಲೆ ಮಲಗಿಸಿ, ಕಿರುಬೆರಳಿನಿಂದ ಶುರುಮಾಡಿ ಇಪ್ಪತ್ತನ್ನೂ ತಾನೇ ನೋಡಿದಳು.